ಒಂದೇ ಬೆಂಕಿಯ ಮನೆ

"ನನ್ನ ಮನ್ಯಾಗೆ ಹಗಲೊತ್ತು ಬಲ್ಬು ಉರಿಯಂಗಿಲ್ಲ, ಒಂದು ಕಡ್ಡಿ ಸೌದೆ ದಂಡ ಆಗಂಗಿಲ್ಲ" ಎಂದು ರುದ್ರಾಣಿ ಘೋಷಿಸಿದ್ದು ನ್ಯಾಮತಿಯ ಹೊಸ ಸೈಟಿನಲ್ಲಿ, ಪಾಯದ ಗುಂಡಿಯ ದಂಡೆಯ ಮೇಲೆ ನಿಂತು. ಅದು ಎಂಬತ್ನಾಲ್ಕರ ದೀಪಾವಳಿ ಕಳೆದ ವಾರ. ಬಾಡಿಗೆ ಮನೆಯ ಅಡಿಗೆ ಕೋಣೆಯಲ್ಲಿ ಹನ್ನೆರಡು ವರ್ಷ ಹೊಗೆ ಕುಡಿದ ಹೆಂಗಸಿಗೆ ಅಷ್ಟು ಹೇಳುವ ಹಕ್ಕಿತ್ತು. ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ಗಂಡ ಜಯದೇವಪ್ಪ ಹೂಂಗುಟ್ಟಿದ. ಮೇಸ್ತ್ರಿ ಓಬಣ್ಣ ಮಾತ್ರ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಸುಮ್ಮನೆ ನಕ್ಕ. ಆ ನಗುವನ್ನು ರುದ್ರಾಣಿ ಅಂದೇ ಗುರುತು ಹಾಕಿಕೊಂಡಳು.

ಬೆಳಕಿಗೇನೋ ಸುಲಭವಾಯಿತು. ಹೆಂಚಿನ ನಡುನಡುವೆ ಗಾಜಿನ ಹೆಂಚು ಕೂರಿಸಿ, ಆಕಾಶವನ್ನೇ ಪುಕ್ಕಟೆ ದೀಪ ಮಾಡಿಕೊಂಡಳು. ಮಧ್ಯಾಹ್ನದ ಬಿಸಿಲು ನಡುಮನೆಯ ನೆಲದ ಮೇಲೆ ಚೌಕಚೌಕವಾಗಿ ಬಿದ್ದಾಗ, ಇನ್ನೂ ಗಾರೆ ಬಳಿಯದ ಗೋಡೆಗಳ ಮಧ್ಯೆ ನಿಂತು ಅವಳು ಅದನ್ನು ಬಹಳ ಹೊತ್ತು ನೋಡುತ್ತಿದ್ದಳು.

ಸೌದೆಯದ್ದೇ ತಕರಾರು. ಗೋಡೆ ಲಿಂಟಲ್ ಮಟ್ಟಕ್ಕೆ ಏರುವಷ್ಟರಲ್ಲಿ ದುಡ್ಡು ಮೊಣಕಾಲ ಮಟ್ಟಕ್ಕೆ ಇಳಿದಿತ್ತು. ಬಚ್ಚಲಿಗೆ ಬೇರೆ ಒಲೆ ಹಾಕಿಸಲು ಉಳಿದದ್ದು ಸಾಲುತ್ತಿರಲಿಲ್ಲ. ಹೊನ್ನಾಳಿಯಿಂದ ಬಂದಿದ್ದ ಜಯದೇವಪ್ಪನ ಅಕ್ಕ ಸಿದ್ದಲಿಂಗಮ್ಮ ಅಷ್ಟನ್ನೇ ಹಿಡಿದುಕೊಂಡರು.

"ಬಚ್ಚಲ ಒಲೆ ಇಲ್ಲದ ಮನಿಗೆ ನೆಂಟರು ಬರ್ತಾರೇನು? ಸಾಲದಿದ್ರೆ ಹೇಳು. ನಾ ಕೊಡ್ತೀನಿ."

'ನಾ ಕೊಡ್ತೀನಿ' ಎಂಬ ಎರಡು ಮಾತು ರುದ್ರಾಣಿಯ ಎದೆಯಲ್ಲಿ ಮುಳ್ಳಿನ ಹಾಗೆ ನೆಟ್ಟಿತು. ಅವರು ಹೋದ ಮೇಲೆ ಗಂಡನ ಮೇಲೆ ಹರಿಹಾಯ್ದಳು. "ಅವರತ್ರ ಇಸ್ಕಂಡ್ರೆ ಈ ಮನಿ ನಮ್ಮದು ಅನ್ನಾಕೆ ಆಗ್ತತೇನ್ರಿ? ಬಂದೋರಿಗೆಲ್ಲ ಮೊದಲು ಬಚ್ಚಲು ತೋರಿಸ್ತಾರೆ, ಇದು ನಾ ಹಾಕ್ಸಿದ್ದು ಅಂತ."

"ಹಂಗಾರೆ ತಣ್ಣೀರು ಹೊಯ್ಕಳಾಣ" ಎಂದ ಜಯದೇವಪ್ಪ.

"ತಣ್ಣೀರು ಯಾಕೆ? ಅಡಿಗೆ ಒಲೆ ಬಿಸಿಹೊಗೆ ಸುಮ್ನೆ ಮೇಲಕ್ಕೆ ಹೋಗ್ತತಲ್ಲ, ಅದನ್ನ ಹಂಡೆ ಕೆಳಗೆ ಹಾಯಿಸಿದ್ರಾತು."

ಅಡಿಗೆ ಮನೆ ಆಗ್ನೇಯದಲ್ಲಿ, ಬಚ್ಚಲು ನಡುಮನೆಯಾಚೆಯ ಮೂಲೆಯಲ್ಲಿ. ಹೊಗೆ ಕೊಳವೆ ನಡುಮನೆಯ ಗೋಡೆಯ ಉದ್ದಕ್ಕೂ ನೆಲದಲ್ಲಿ ಹಾಯಬೇಕು. ಕೊಳವೆ ಕಾಣದ ಹಾಗೆ ಮೇಲೊಂದು ಕಟ್ಟೆ ಕಟ್ಟಿ ಕೆಂಪು ಗಾರೆ ಬಳಿದರೆ ನೆಂಟರು ಕೂರುವುದಕ್ಕೂ ಆಯಿತು, ಕುರ್ಚಿಯ ಖರ್ಚೂ ಉಳಿಯಿತು. ಒಂದೇ ಬೆಂಕಿಗೆ ಮೂರು ಕೆಲಸ. ರುದ್ರಾಣಿಗೆ ತನ್ನ ಬುದ್ಧಿಯ ಮೇಲೆ ತನಗೇ ಗೌರವ ಹುಟ್ಟಿತು.

"ಅಮ್ಮಾರೆ, ಹೊಗೆ ಮೇಲಕ್ಕೆ ಹೋಗೋ ಸಾಮಾನು. ಇಷ್ಟುದ್ದ ಅಡ್ಡ ಮಲಗಿಸಿದ್ರೆ ಹೆಂಗೆ?" ಎಂದ ಓಬಣ್ಣ.

"ನಿನಗೆ ಕಟ್ಟಾಕೆ ಹೇಳಿದ್ದು ಓಬಣ್ಣ, ವಾದ ಮಾಡಾಕಲ್ಲ."

"ಕಟ್ತೀನಿ. ಆದ್ರೆ ಗೃಹಪ್ರವೇಶಕ್ಕೆ ಮುಂಚೆ ಒಂದ್ಸಲ ಒಲೆ ಹಚ್ಚಿ ನೋಡಿಬಿಡಾಣ."

ಅಷ್ಟರಲ್ಲಿ, ಕೆಲಸ ನೋಡಲು ಹೊನ್ನಾಳಿಯಿಂದ ಮತ್ತೆ ಬಂದಿದ್ದ ಸಿದ್ದಲಿಂಗಮ್ಮ ಬಾಯಿ ಹಾಕಿದರು. "ಹಾಲು ಉಕ್ಕಿಸೋಕೆ ಮುಂಚೆ ಹೊಸ ಒಲಿಗೆ ಬೆಂಕಿ ಹಾಕ್ತಾರೇನೋ? ಶಾಸ್ತ್ರ ಗೊತ್ತಿಲ್ಲೇನು ನಿನಗೆ?"

ಜನ್ಮದಲ್ಲಿ ಮೊದಲ ಸಲ ರುದ್ರಾಣಿ ಅವರ ಮಾತಿಗೆ ತಲೆಯಾಡಿಸಿದಳು. ಹೀಗಾಗಿ ಒಲೆಯ ಪರೀಕ್ಷೆಯೂ ಗೃಹಪ್ರವೇಶವೂ ಒಂದೇ ದಿನ ಬಂದವು. ಅದೂ ವೈಶಾಖದ ಉರಿಬಿಸಿಲಿನಲ್ಲಿ.

ಹಾಲು ಪೂರ್ವಕ್ಕೆ ಉಕ್ಕಿತು. ಅಡಿಗೆ ಮನೆಯಲ್ಲಿ ಹೊಗೆಯ ಒಂದು ಎಳೆಯೂ ಇರಲಿಲ್ಲ. ರುದ್ರಾಣಿಯ ಕಣ್ಣಲ್ಲಿ ನೀರು ಬಂತು. ಹನ್ನೆರಡು ವರ್ಷದಲ್ಲಿ ಒಲೆಯ ಮುಂದೆ ಹೊಗೆಯಿಂದಲ್ಲದೆ ಬಂದ ಮೊದಲ ಕಣ್ಣೀರು ಅದು.

ಹೋಳಿಗೆಯ ಬೇಳೆ ಬೆಂದು, ಅನ್ನಕ್ಕೆ ಎಸರಿಟ್ಟು ನಡುಮನೆಗೆ ಬಂದರೆ ಕಂಡದ್ದೇನು? ಅಷ್ಟುದ್ದದ ಕಟ್ಟೆಯಲ್ಲಿ ನೆಂಟರೆಲ್ಲ ಬಚ್ಚಲ ಕಡೆಯ ತುದಿಗೆ ಒತ್ತರಿಸಿಕೊಂಡು, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಎಂಬಂತೆ ಕೂತಿದ್ದಾರೆ. ಪಾದಪೂಜೆ ಮಾಡಿಸಿಕೊಂಡ ಅಯ್ಯನವರು ಎದ್ದು ಬಾಗಿಲಲ್ಲಿ ನಿಂತಿದ್ದಾರೆ. ಹೊಸ ಮನೆಯಲ್ಲಿ ಊಟಕ್ಕೆ ಮುಂಚೆ ಕುಂದು ಎತ್ತಬಾರದೆಂದು ಯಾರೂ ಬಾಯಿ ಬಿಡುತ್ತಿಲ್ಲ. ಅಡಿಗೆ ಮನೆಯ ಕಡೆಯ ಇಡೀ ಅರ್ಧದಲ್ಲಿ ಸಿದ್ದಲಿಂಗಮ್ಮ ಒಬ್ಬರೇ, ಮಹಾರಾಣಿಯ ಹಾಗೆ.

ರುದ್ರಾಣಿಗೆ ಮೈಯೆಲ್ಲ ಉರಿಯಿತು. ಜನರನ್ನೆಲ್ಲ ಮೂಲೆಗೆ ತಳ್ಳಿ ತನ್ನ ಕಟ್ಟೆಯನ್ನು ತಾವೊಬ್ಬರೇ ಆಳುವುದೆಂದರೇನು? ರೇಷ್ಮೆ ಸೀರೆಯ ನಿರಿಗೆ ಸರಿಮಾಡಿಕೊಂಡು ಅವರ ಪಕ್ಕದಲ್ಲೇ ಧಡಕ್ಕನೆ ಕೂತಳು.

ಕೂತ ಮೇಲೆ ತಿಳಿಯಿತು. ಅದು ಕಟ್ಟೆಯಾಗಿರಲಿಲ್ಲ, ರೊಟ್ಟಿ ಹಂಚಾಗಿತ್ತು.

ಏಳುವ ಹಾಗಿಲ್ಲ. ಎದ್ದರೆ ಸೋತ ಹಾಗೆ. ಸಿದ್ದಲಿಂಗಮ್ಮನವರ ಹಣೆಯಲ್ಲಿ ಬೆವರಿದ್ದರೂ ಮುಖದಲ್ಲಿ ಗಾಬರಿಯಿಲ್ಲ.

"ಬೆಚ್ಚಗೈತಲ್ಲವ್ವಾ" ಎಂದರು.

"ನನಗೇನೂ ಗೊತ್ತಾಗಂಗಿಲ್ಲ ಅಕ್ಕಾ" ಎಂದಳು ರುದ್ರಾಣಿ, ಹಲ್ಲು ಕಚ್ಚಿಕೊಂಡು.

"ಏನೇ, ಎಸರು ಉಕ್ತಾ ಐತೆ" ಎಂದು ಗಂಡ ಒಳಗಿನಿಂದ ಕೂಗಿದಾಗ ಅವಳು ಎದ್ದ ವೇಗಕ್ಕೆ ಅಯ್ಯನವರೇ ದಾರಿ ಬಿಟ್ಟರು.

ಅತ್ತ ಓಬಣ್ಣ ಹಂಡೆಗೆ ಕೈ ಅದ್ದಿ ಬಂದ. "ಅಮ್ಮಾರೆ, ನೀರು ಕೆರೆ ನೀರಿನಂಗೆ ತಣ್ಣಗೈತೆ. ಬಿಸಿ ಎಲ್ಲ ಕಟ್ಟೆಗೇ ಮುಗಿದೈತೆ." ಈ ಸಲ ಅವನು ನಗಲಿಲ್ಲ. ಅದು ಇನ್ನೂ ದೊಡ್ಡ ಅವಮಾನವಾಗಿತ್ತು.

ಊಟ ಮುಗಿದು ನೆಂಟರೆಲ್ಲ ಹೊರಟರು. ಸಿದ್ದಲಿಂಗಮ್ಮ ಮಾತ್ರ ಕಟ್ಟೆ ಬಿಟ್ಟು ಏಳಲಿಲ್ಲ. ಇನ್ನೇನು 'ನಾ ಕೊಡ್ತೀನಿ' ಬಂತು ಎಂದು ರುದ್ರಾಣಿ ಕಂಬ ಹಿಡಿದು ನಿಂತಳು. ಕೂರುವ ಸ್ಥಿತಿಯಲ್ಲಿ ಅವಳಿರಲಿಲ್ಲ.

"ಅಕ್ಕಾ, ಹೊನ್ನಾಳಿ ಬಸ್ಸು ಹೊತ್ತಾತು."

"ಬಸ್ಸು ದಿನಾ ಐತೆ. ಮೂರು ವರ್ಷ ಆತು ಸೊಂಟ ಹಿಡ್ಕಂಡು. ಯಾವ ಡಾಕ್ಟರಿಗೂ ಬಗ್ಗದ್ದು ಇವತ್ತು ನಿನ್ನ ಕಟ್ಟೆ ಮ್ಯಾಲೆ ಬಿಟ್ಟೈತೆ ನೋಡು. ಎಂಥಾ ಮನಿ ಕಟ್ಟಿಸ್ದೆ ತಾಯಿ! ಶ್ರಾವಣ ಮುಗಿಯೋ ತನಕ ನಾ ಇಲ್ಲೇ. ಒಲಿ ಒಂದು ಆರಿಸಬ್ಯಾಡ."

ಜೀವಮಾನದಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಅದನ್ನು ತಿರುಗಿಸಿ ಕೊಡುವ ದಾರಿ ಯಾವ ಶಾಸ್ತ್ರದಲ್ಲೂ ಇರಲಿಲ್ಲ. ರುದ್ರಾಣಿ ಅಂಗಳಕ್ಕೆ ಹೋಗಿ, ಗಂಡನ ಹತ್ತಿರ ದನಿ ತಗ್ಗಿಸಿ ಹೇಳಿದಳು. "ಏನ್ರೀ, ಇನ್ನೊಂದು ಬಂಡಿ ಸೌದೆಗೆ ಹೇಳಿ ಬರ್ರಿ."

ಕಟ್ಟೆಯ ಮೇಲಿಂದ ಸಿದ್ದಲಿಂಗಮ್ಮನವರ ದನಿ ಬಂತು. "ಎರಡು ಬಂಡಿಗೆ ಹೇಳೋ ಜಯದೇವ. ನಾಳೆ ನಮ್ಮ ಯಜಮಾನ್ರಿಗೂ ಬರಾಕೆ ಹೇಳಿ ಕಳಿಸೀನಿ. ಅವರಿಗೆ ಮಂಡಿ ನೋವು."