ಗುಹೆಗೊಂದು ಮೊಲ ಬೇಕಾಗಿತ್ತು

"ಮೊದಲು ಒಳಗೆ ಕಾಲಿಡೋಳು ಮೊಲದ ವರ್ಷದಲ್ಲಿ ಹುಟ್ಟಿದ ಹೆಂಗಸಾಗಿರ್ಬೇಕು" ಎಂದು ಹೇಳಿದ ನವಾಂಗ್ ಲಾಮಾ ಇನ್ನಷ್ಟು ಚಹಾಕ್ಕಾಗಿ ಮರದ ಬಟ್ಟಲನ್ನು ಮುಂದೆ ಚಾಚಿದರು. ಬೆಣ್ಣೆಚಹಾವನ್ನು ಬಟ್ಟಲಿಗೆ ಹುಯ್ಯಬೇಕಾಗಿದ್ದ ಕುಂಜೋಮ್ ಅವರ ಮೊಣಕಾಲಿನ ಮೇಲೆ ಹುಯ್ದಳು.

ಲಾಮಾ ಹಾರಿದರು. ಎಂಬತ್ತು ದಾಟಿದವರು ಅಷ್ಟೆತ್ತರ ಹಾರಿದ್ದನ್ನು ಊರು ಅದುವರೆಗೆ ನೋಡಿರಲಿಲ್ಲ.

"ಸಂತೋಷಕ್ಕೆ ಕೈ ನಡುಗ್ತಿದೆ ಪಾಪ" ಎಂದಳು ಅತ್ತೆ ಬುಟ್ರಿ, ತನ್ನ ಸೊಂಟದ ಪಟ್ಟೆಬಟ್ಟೆಯಿಂದಲೇ ಲಾಮಾರ ಮೊಣಕಾಲು ಒರೆಸುತ್ತಾ. "ನಮ್ಮ ಸೊಸೇನೇ ಮೊಲ ಅಲ್ವಾ, ಲಾಮಾಜ್ಜ! ಸಾಧು ಅಂದ್ರೆ ಸಾಧು. ಮದುವೆಯಾಗಿ ಬಂದಾಗಿನಿಂದ ಒಂದಿನ ದನಿ ಎತ್ತಿದೋಳಲ್ಲ."

ಕುಂಜೋಮ್ ಆಗಲೂ ದನಿ ಎತ್ತಲಿಲ್ಲ. ಎತ್ತಿದ್ದರೆ ಬೇರೆಯೇ ಮಾತು ಹೊರಬೀಳುತ್ತಿತ್ತು.

ಊರಿನ ಹಿಂದೆ ಕೆಂಪು ಬಂಡೆಗೋಡೆ. ಅದರ ತುಂಬ ಜೇನುಗೂಡಿನ ಹಾಗೆ ಗುಹೆಗಳು. ಹತ್ತುವ ದಾರಿ ಯಾವ ಕಾಲದಲ್ಲೋ ಕುಸಿದು ಕಾಳಿಗಂಡಕಿ ಹೊಳೆಯ ಪಾಲಾಗಿತ್ತು. ಈಗ ಕಾಠ್ಮಂಡುವಿನಿಂದ ಶಾಕ್ಯ ಮೇಡಂ ಹಗ್ಗ, ಕೊಕ್ಕೆ, ಕ್ಯಾಮೆರಾಗಳನ್ನು ಹೇರಿಕೊಂಡು ಬಂದಿದ್ದರು. ದೊಡ್ಡ ಗುಹೆಯ ಗೋಡೆಗಳ ಮೇಲೆ ಹಳೆಯ ಚಿತ್ರಗಳಿರಬಹುದು, ಫೋಟೋ ತೆಗೆಯಬೇಕು ಎಂದು ಅವರು ಹೇಳಿದಾಗ ಊರಿನವರೆಲ್ಲ ಬಾರ್ಲಿ ಹೊಲಗಳ ಕಡೆ ನೋಡಿದರು. ತೆನೆ ಹಳದಿಗೆ ತಿರುಗಿತ್ತು. ಗುಹೆಯಲ್ಲಿ ಇರುವುದನ್ನು ಕೆಣಕಿ ಆಲಿಕಲ್ಲು ಬಿದ್ದರೆ ವರ್ಷವಿಡೀ ಏನು ತಿನ್ನುವುದು? ಅದಕ್ಕೇ ಲಾಮಾ, ವರ್ಷಕ್ಕೊಂದು ಪ್ರಾಣಿಯ ಹೆಸರಿರುವ ತಮ್ಮ ಪಂಚಾಂಗ ತೆರೆದು ಲೆಕ್ಕ ಹಾಕಿ ಈ ಷರತ್ತು ಹೇಳಿದ್ದು. ಸರಿಯಾದ ವರ್ಷದವಳು ಮೊದಲು ಹೋಗಬೇಕು, ನಾಲ್ಕೂ ಗೋಡೆಗಳ ಫೋಟೋ ತೆಗೆದು ತಂದು ಲಾಮಾಗೆ ತೋರಿಸಬೇಕು. ಆಮೇಲೆ ಮಿಕ್ಕವರು. ತಪ್ಪು ವರ್ಷದವಳು ಕಾಲಿಟ್ಟರೆ ಆಲಿಕಲ್ಲು ಖಂಡಿತ.

ಕುಂಜೋಮ್ ತಪ್ಪು ವರ್ಷದವಳು. ಇದು ಗೊತ್ತಿದ್ದದ್ದು ಅವಳ ತಾಯಿಗೆ ಮಾತ್ರ. ಸಾಯುವ ಮುಂಚೆ ಅವಳು ಮಗಳ ಕಿವಿಯಲ್ಲಿ ಊದಿ ಹೋಗಿದ್ದಳು. "ನೀನು ಮೊಲ ಅಲ್ಲ ಕಣೇ, ಹುಲಿ. ಹುಲಿ ವರ್ಷದ ಹುಡುಗೀನ ಯಾರು ಮನೆ ತುಂಬಿಸ್ಕೋತಾರೆ? ಗಂಡನ್ನ ತಿಂತಾಳೆ ಅಂತಾರೆ. ಅದಕ್ಕೇ ಒಂದು ವರ್ಷ ಮುಂದಕ್ಕೆ ಜಾರಿಸ್ಬಿಟ್ಟೆ. ಹುಲಿ ಆದ್ಮೇಲೆ ಬರೋದು ಮೊಲ ತಾನೇ, ನಾನೇನು ತೀರಾ ದೂರ ಹೋಗ್ಲಿಲ್ಲ."

ಅಂದಿನಿಂದ ಕುಂಜೋಮ್‌ಗೆ ತನ್ನ ಬಗ್ಗೆಯೇ ಗೊಂದಲ. ತಗ್ಗಿ ನಡೆಯುವುದು, ಎಲ್ಲರದೂ ಆದಮೇಲೆ ಉಣ್ಣುವುದು, ಬೈಸಿಕೊಂಡರೂ ನಗುವುದು, ಇವೆಲ್ಲ ತನ್ನ ಸ್ವಭಾವವೋ, ತಾಯಿ ಹೊಲಿಸಿಕೊಟ್ಟ ಮೊಲದ ಚರ್ಮವೋ? ಗಂಡನನ್ನು ಕೇಳೋಣವೆಂದರೆ ಅವನು ಯಾಕ್‌ಗಳ ಹಿಂದೆ ಮೇಲಿನ ಹುಲ್ಲುಗಾವಲಿನಲ್ಲಿ. ಇನ್ನು ಅತ್ತೆಗೆ ಹೇಸರಗತ್ತೆ ಹೊಳೆಗೆ ಬಿದ್ದಾಗಲೂ, ಮಾಳಿಗೆ ಸೋರಿದಾಗಲೂ, ಮೊಸರು ಕೆಟ್ಟಾಗಲೂ ಒಂದೇ ಮಾತು: "ಸದ್ಯ, ನಮ್ಮನೇಲಿ ಹುಲಿ ವರ್ಷದೋರು ಯಾರೂ ಇಲ್ಲ!" ಈಗ ನಿಜ ಹೇಳಿದರೆ ಹೇಸರಗತ್ತೆ, ಮಾಳಿಗೆ, ಮೊಸರು ಎಲ್ಲವೂ ಅವಳ ತಲೆಗೆ. ಹೇಳದೆ ಗುಹೆಗೆ ಹೋದರೆ ಊರಿನ ಬಾರ್ಲಿ ಅವಳ ತಲೆಗೆ.

ಪುಣ್ಯಕ್ಕೆ ಊರಿನಲ್ಲಿ ಮೊಲದ ವರ್ಷದ ಹೆಂಗಸರು ಇನ್ನಿಬ್ಬರಿದ್ದರು. ಕುಂಜೋಮ್ ಚಹಾದ ಕೊಳಗವನ್ನು ಅಲ್ಲೇ ಇಟ್ಟು ಓಡಿದಳು.

ಹೋಟೆಲಿನ ದೀಕಿ ಕುದುರೆಯ ಮೇಲಿನ ಅಕ್ಕಿ ಮೂಟೆಯನ್ನು ಬೆನ್ನಿಗೆ ಹೇರಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು.

"ದೀಕಿ, ನೀನೂ ಮೊಲ ಅಲ್ವೇನೇ? ನೀನೇ ಗುಹೆಗೆ ಹೋಗ್ಬಿಡು. ಗಟ್ಟಿಗಿತ್ತಿ ನೀನು. ನಿನ್ನ ಹೆಸ್ರು ಪೇಪರಲ್ಲಿ ಬರುತ್ತೆ, ಹೋಟ್ಲು ತುಂಬುತ್ತೆ."

ಮೂಟೆ ದೊಪ್ಪನೆ ಬಿತ್ತು. "ಅಯ್ಯೋ ನನ್ನ ಮಂಡೀ!" ಎಂದು ದೀಕಿ ಎಡಗಾಲು ಹಿಡಿದುಕೊಂಡಳು. "ಹೆಜ್ಜೆ ಇಡೋಕಾಗ್ತಿಲ್ಲ ಕಣೇ."

"ಈಗ ತಾನೇ ಮೂಟೆ ಹೊತ್ತು ಮೆಟ್ಲು ಹತ್ತುತಿದ್ದೆ?"

"ಅದಕ್ಕೇ ಬಂದಿರೋದು ನೋವು! ನೋಡ್ತಾ ನಿಂತಿದ್ಯಲ್ಲ, ಬೇಡ ಇಳಿಸು ಅನ್ಬಾರ್ದಿತ್ತಾ?"

ನೇಯ್ಗೆಯ ಯುಡೋನ್ ಮನೆಯಿಂದ ಮಗ್ಗದ ಸದ್ದು ಬೀದಿಗೇ ಕೇಳುತ್ತಿತ್ತು. ಕುಂಜೋಮ್ ಬಾಗಿಲಲ್ಲಿ ನಿಂತು "ಯುಡೋನ್, ಗುಹೆ ವಿಷಯ" ಎನ್ನುತ್ತಲೇ ಸದ್ದು ನಿಂತಿತು. ಒಳಗೆ ಹೋಗುವಷ್ಟರಲ್ಲಿ ಯುಡೋನ್ ಕಂಬಳಿಗಳ ಗುಡ್ಡೆಯ ಕೆಳಗಿದ್ದಳು. ಒಂದು ಕಣ್ಣು ಮಾತ್ರ ಹೊರಗೆ.

"ನನಗೆ ಎತ್ತರ ಆಗ್ಬರಲ್ಲ. ತಲೆ ಸುತ್ತುತ್ತೆ."

"ಊರಲ್ಲೇ ಎತ್ತರದ ಮಾಳಿಗೆ ನಿಂದು. ದಿನಾ ಅದರ ಅಂಚಲ್ಲಿ ನಿಂತು ಸಗಣಿ ಒಣಗಿಸ್ತೀಯ."

"ಕಣ್ಣು ಮುಚ್ಕೊಂಡು ಒಣಗಿಸ್ತೀನಿ" ಎಂದು ಯುಡೋನ್ ಆ ಒಂದು ಕಣ್ಣನ್ನೂ ಮುಚ್ಚಿದಳು.

ಕುಂಜೋಮ್‌ಗೆ ಅಳು ಬಂತು. ನಿಜವಾದ ಮೊಲಗಳಾದರೆ ಹೀಗೆ ಆರಾಮವಾಗಿ ಬಿಲ ಸೇರಿಕೊಳ್ಳಬಹುದು. ಸುಳ್ಳು ಮೊಲಕ್ಕೆ ಆ ಭಾಗ್ಯವೂ ಇಲ್ಲ.

ಮನೆಗೆ ಬಂದವಳೇ ಹೊಟ್ಟೆ ಹಿಡಿದು ಮಲಗಿದಳು. ಅದು ಅವಳು ಮಾಡಿದ ದೊಡ್ಡ ತಪ್ಪು. ಬುಟ್ರಿ ಮಾಳಿಗೆ ಹತ್ತಿ "ನಮ್ಮ ಮೊಲಕ್ಕೆ ಹೊಟ್ಟೆನೋವಂತೆ!" ಎಂದು ಕೂಗಿದ್ದೇ ಇಡೀ ಬೀದಿ ಒಲೆಯ ಸುತ್ತ ಬಂದು ಕುಳಿತಿತು. ಎಲ್ಲರಿಗಿಂತ ಮುಂಚೆ ಓಡೋಡಿ ಬಂದವಳು ದೀಕಿ. ಹೊಸಿಲಿನಲ್ಲಿ ನೆನಪಾಗಿ ಕುಂಟತೊಡಗಿದಳು, ಆದರೆ ಬಲಗಾಲು. ಹಿಂದೆಯೇ ಯುಡೋನ್, ತಲೆಗೆ ಬಟ್ಟೆ ಬಿಗಿದುಕೊಂಡು.

"ಏಳೇ ತಾಯಿ" ಎಂದು ದೀಕಿ ಅವಳ ಕೈ ಜಗ್ಗಿದಳು. "ನೀನು ಮಲಗಿದ್ರೆ ನಮ್ಮ ಗತಿ ಏನು?"

"ಊರಿನ ಗತಿ ಅಂತ ಅವಳ ಮಾತಿನ ಅರ್ಥ" ಎಂದು ಯುಡೋನ್ ತಿದ್ದಿ, ಅಂಗಾಲು ತಿಕ್ಕತೊಡಗಿದಳು.

ಅತ್ತೆ ಹಳೆಯ ಬೆಣ್ಣೆ ಕರಗಿಸಿ, ಅದಕ್ಕೆ ಮೆಣಸಿನಪುಡಿ ಸುರಿದು, ಬಾರ್ಲಿ ಹೆಂಡ ಬೆರೆಸಿ ತಂದಳು. ಒಬ್ಬಳು ಮೂಗು ಹಿಡಿದಳು, ಇನ್ನೊಬ್ಬಳು ಗದ್ದ ಹಿಡಿದಳು. ಬಟ್ಟಲು ಖಾಲಿಯಾದ ಕ್ಷಣದಲ್ಲೇ ಸುಳ್ಳು ಹೊಟ್ಟೆನೋವು ನಿಜದ್ದಾಯಿತು. ಮಲಗಿರಲಾಗದೆ ಕುಂಜೋಮ್ ಎದ್ದು ನಿಂತಳು.

"ನೋಡಿ, ಎದ್ದೇ ಬಿಟ್ಳು!" ಎಂದು ಬೀದಿ ಸಂಭ್ರಮಿಸಿತು. ಅದೇ ಸಂಭ್ರಮದಲ್ಲಿ ಅವಳನ್ನು ಬಂಡೆಯ ಬುಡಕ್ಕೆ ಒಯ್ದಿತು.

ಕೊನೆಯ ಆಸೆಯಾಗಿ ಅವಳು ಲಾಮಾರ ತೋಳು ಹಿಡಿದಳು. "ಲಾಮಾಜ್ಜ, ನನ್ನ ಹುಟ್ಟಿದ ವರ್ಷದ್ದು ಒಂದು ಮಾತು..."

"ಮೊಲ ಅಂತ ಊರೆಲ್ಲ ಹೇಳ್ತಿದೆಯಲ್ಲ, ಸಾಕು" ಎಂದರು ಲಾಮಾ ಅವಸರವಾಗಿ. "ಜಾಸ್ತಿ ಮಾತಾಡ್ಬೇಡ. ಗಾಳಿ ಏಳೋಕೆ ಮುಂಚೆ ಹೊರಡು."

ಅತ್ತೆ ಪಕ್ಕದಲ್ಲೇ ಕಿವಿ ಅರಳಿಸಿ ನಿಂತಿದ್ದಳು. ಕುಂಜೋಮ್ ಬಾಯಿ ಮುಚ್ಚಿದಳು.

ಶಾಕ್ಯ ಮೇಡಂ ಅವಳ ತೊಡೆ, ಸೊಂಟ, ಹೆಗಲಿಗೆಲ್ಲ ಪಟ್ಟಿ ಬಿಗಿದು, ಕೊರಳಿಗೆ ಒಂದು ಮೊಬೈಲ್ ನೇತುಹಾಕಿದರು. "ಈ ದುಂಡು ಗುರುತು ಒತ್ತಿದ್ರೆ ಫೋಟೋ ಬರುತ್ತೆ, ದೀದಿ. ಪಕ್ಕದ ಈ ಬಾಣದ ಗುರುತು ಮಾತ್ರ ಮುಟ್ಬೇಡಿ."

ಬಂಡೆಯ ನೆತ್ತಿಯಲ್ಲಿ ನಿಂತ ಗಂಡಸರು ಹಗ್ಗ ಎಳೆದರು. ಕುಂಜೋಮ್ ಹಿಟ್ಟಿನ ಚೀಲದಂತೆ ಮೇಲೇರಿದಳು.

"ಕೆಳಗೆ ನೋಡ್ಬೇಡ ಕಣೇ!" ಎಂದು ಅತ್ತೆ ಕೂಗಿದಳು.

"ಮೇಲೂ ನೋಡ್ಬೇಡ!" ಎಂದು ದೀಕಿ.

"ಪಕ್ಕಕ್ಕೆ ನೋಡು, ಪಕ್ಕಕ್ಕೆ!" ಎಂದು ಯುಡೋನ್.

ಪಕ್ಕದಲ್ಲಿ ಒಂದು ರಣಹದ್ದು ಕುಳಿತಿತ್ತು. ಅದೂ ಅವಳನ್ನು ನೋಡಿತು, ತೂಕ ಅಂದಾಜು ಮಾಡುವವರ ಹಾಗೆ. ಅಷ್ಟರಲ್ಲಿ ಕಣಿವೆಯ ಗಾಳಿ ಎದ್ದಿತು. ಅವಳು ಪ್ರಾರ್ಥನೆಯ ಚಕ್ರದಂತೆ ಗಿರ್ರನೆ ತಿರುಗಿದಳು. ಸೊಂಟದ ಪಟ್ಟೆಬಟ್ಟೆ ಹಾರಿ ಮುಖಕ್ಕೆ ಸುತ್ತಿಕೊಂಡಿತು. ಹೀಗಾಗಿ ಊರಿನ ಯಾರೂ ಕಾಣದ ಆ ದಾರಿಯನ್ನು ಅವಳೂ ಕಾಣಲಿಲ್ಲ. ಬಟ್ಟೆ ಸರಿಸಿದಾಗ ಗುಹೆಯೊಳಗೆ ಬೋರಲಾಗಿ ಬಿದ್ದಿದ್ದಳು.

ಕಣ್ಣು ಮುಚ್ಚಿ ಸಿಡಿಲಿಗಾಗಿ ಕಾದಳು. ಸಿಡಿಲು ಬರಲಿಲ್ಲ. ಕಣ್ಣು ತೆರೆದರೆ ಹಿಟ್ಟಿನಂಥ ಧೂಳು, ಗುಹೆಯ ಬಾಯಿಂದ ಒಳಗೆ ಬಿದ್ದ ಬಿಸಿಲು, ಗೋಡೆಯ ಮೇಲೆ ಮಾಸಿದ ನೀಲಿ, ಸಾಲಾಗಿ ಕುಳಿತ ಮುಖಗಳು. ಎಲ್ಲವೂ ಸಮಾಧಾನವಾಗಿ ಅವಳನ್ನೇ ನೋಡುತ್ತಿದ್ದವು. ಯಾರೂ ಏನೂ ಕೇಳಲಿಲ್ಲ. ಕುಂಜೋಮ್ ಅಲ್ಲಿ ಸುಮ್ಮನೆ ಕುಳಿತಳು. ಮದುವೆಯಾದ ಮೇಲೆ, ಯಾರೂ ತನ್ನನ್ನು ಕೂಗಲಾಗದ ಜಾಗದಲ್ಲಿ ಕುಳಿತದ್ದು ಇದೇ ಮೊದಲು ಎಂದು ಹೊಳೆಯಿತು. ಇಲ್ಲಿ ಒಲೆ ಇಲ್ಲ, ಉರಿ ತಗ್ಗಿಸು ಎನ್ನುವವರಿಲ್ಲ. ತನ್ನ ದನಿ ಎಷ್ಟು ದೊಡ್ಡದಿದ್ದೀತು? ನೋಡೋಣವೆಂದು ಮೆಲ್ಲಗೆ "ಆ" ಎಂದಳು. ಗುಹೆ ಮೆಲ್ಲಗೆ "ಆ" ಎಂದಿತು. ಇನ್ನೂ ಸ್ವಲ್ಪ ಜೋರಾಗಿ ಎಂದಳು. ಗುಹೆಯೂ ಹಿಂದೆ ಬೀಳಲಿಲ್ಲ.

ಆಮೇಲೆ ಅವಳು ತಡೆಯಲಿಲ್ಲ. "ಹೇಸರಗತ್ತೆ ತಾನಾಗೇ ಜಾರಿ ಬಿತ್ತು!" ಎಂದು ಕೂಗಿದಳು. "ಮಾಳಿಗೆ ಮೊದ್ಲಿಂದ್ಲೂ ಸೋರ್ತಿತ್ತು! ಮೊಸರಿಗೆ ಮುಚ್ಚಳ ಹಾಕದೆ ಇದ್ದೋರು ನೀವು, ಅತ್ತೆ! ನಾನು ಹುಲಿ! ಹುಲೀ!" ಬಾಯಿ ತುಂಬ ಗರ್ಜಿಸಿದಳು. ಹೊರಗೆ ಗಾಳಿ ಭೋರಿಡುತ್ತಿದ್ದುದರಿಂದ ಕೆಳಗೆ ಒಂದಕ್ಷರವೂ ಕೇಳಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾ, ನಾಲ್ಕೂ ಗೋಡೆಗಳತ್ತ ತಿರುಗಿ ತಿರುಗಿ ಮೊಬೈಲ್ ಒತ್ತಿದಳು. ಬಿಸಿಲು ಬಿದ್ದು ಅದರ ಗಾಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ದುಂಡು ಗುರುತು ಒತ್ತಬೇಕೋ ಬಾಣದ್ದು ಒತ್ತಬೇಕೋ ಮರೆತಿದ್ದರಿಂದ, ಇರಲಿ ಎಂದು ಎರಡನ್ನೂ ಒತ್ತಿದಳು.

ಕೆಳಗಿಳಿದಾಗ ಯಾರೂ ಅವಳನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಆಕಾಶದಲ್ಲಿ. ಗುಡ್ಡದ ಹಿಂದಿನಿಂದ ಕಪ್ಪು ಮೋಡವೊಂದು ಯಾಕ್‌ನ ಹಾಗೆ ತಲೆ ತಗ್ಗಿಸಿ ಬರುತ್ತಿತ್ತು. ಮೋಡ ಬಾರ್ಲಿ ಹೊಲದ ಮೇಲೆ ನಿಂತಿತು, ಮೂಸಿತು, ನಾಲ್ಕು ಹನಿ ಉದುರಿಸಿತು, ಬೇಜಾರಾದವರ ಹಾಗೆ ಆಚೆ ಗುಡ್ಡ ಹತ್ತಿ ಹೋಯಿತು.

"ನೋಡಿದ್ರಾ ನಮ್ಮ ಮೊಲದ ಕಾಲ್ಗುಣ!" ಎಂದು ಅತ್ತೆ ಎದೆ ಉಬ್ಬಿಸಿದಳು.

ಕುಂಜೋಮ್‌ಳ ತಲೆ ಹಗ್ಗದಲ್ಲಿದ್ದಾಗಿನದಕ್ಕಿಂತ ಜೋರಾಗಿ ತಿರುಗಿತು. ಹುಲಿ ಕಾಲಿಟ್ಟರೂ ಆಲಿಕಲ್ಲು ಬೀಳಲಿಲ್ಲ. ಹಾಗಾದರೆ ತಾಯಿ ಸಾಯುವಾಗ ಬಡಬಡಿಸಿದ್ದೇ? ತಾನು ಮೊಲವೇ ಇರಬಹುದೇ? ಮೊಲವಾದರೆ, ಮೇಲೆ ಅಷ್ಟು ಹೊತ್ತು ಗರ್ಜಿಸಿದ್ದು ಯಾರು?

ದೀಕಿಯ ಹೋಟೆಲಿನಲ್ಲಿ ಶಾಕ್ಯ ಮೇಡಂ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿದರು. ಊರು ಕುತ್ತಿಗೆ ಚಾಚಿತು. ಮೊದಲ ಫೋಟೋದಲ್ಲಿ ಎರಡು ದೊಡ್ಡ ಗುಹೆಗಳಿದ್ದವು. ಸ್ವಲ್ಪ ಹೊತ್ತು ನೋಡಿದ ಮೇಲೆ ಅವು ಕುಂಜೋಮ್‌ಳ ಮೂಗಿನ ಹೊಳ್ಳೆಗಳೆಂದು ತಿಳಿಯಿತು. ಎರಡನೆಯದರಲ್ಲಿ ಅವಳ ಗದ್ದ. ಮೂರನೆಯದರಲ್ಲಿ ಕಿವಿ, ಕಿವಿಯ ಹಿಂದೆ ಚೂರು ನೀಲಿ, ಯಾರದೋ ಬಣ್ಣದ ಬೆರಳು.

"ದೀದಿ, ಈ ಬೆರಳು ಯಾರದ್ದು?" ಎಂದು ಮೇಡಂ ಸಣ್ಣ ದನಿಯಲ್ಲಿ ಕೇಳಿದರು.

"ಗೋಡೇದು."

"ಮಿಕ್ಕಿದ್ದು?"

"ಮಿಕ್ಕಿದ್ದೂ ಅಲ್ಲೇ ಇದೆ, ಎಲ್ಲೂ ಹೋಗಿಲ್ಲ."

ಕೊನೆಯ ಫೋಟೋ ತೆರೆಯಿತು. ಧೂಳಿನಿಂದ ಬೆಳ್ಳಗಾದ ಕೂದಲು ಕೆದರಿ, ಕಣ್ಣು ಉರಿಯುತ್ತಾ, ಕಿರುನಾಲಿಗೆ ಕಾಣುವಂತೆ ಬಾಯಿ ತೆರೆದ ಒಬ್ಬ ಹೆಂಗಸು. ಮುಂದಿದ್ದವರು ಹಿಂದಕ್ಕೆ ಸರಿದರು. ಲಾಮಾ ಮಾತ್ರ ಮುಂದೆ ಬಾಗಿ ಬಹಳ ಹೊತ್ತು ನೋಡಿದರು. ಆಮೇಲೆ, "ಎಲ್ಲ ಹೊರಗೆ ಹೋಗಿ. ನಾನು ಇವಳ ಹತ್ರ ಮಂತ್ರ ಹೇಳಿಸ್ಬೇಕು" ಎಂದರು.

ಬಾಗಿಲು ಮುಚ್ಚಿತು. ಲಾಮಾ ಪಿಸುಗುಟ್ಟಿದರು. "ನಿಮ್ಮಮ್ಮ ಒಂದೇ ವರ್ಷಾನಾ ಜಾರಿಸಿದ್ದು?"

"ನಿಮಗೆ ಗೊತ್ತಿತ್ತಾ, ಲಾಮಾಜ್ಜ?"

"ನೀನು ಅಂತ ಗೊತ್ತಿರ್ಲಿಲ್ಲ. ಈ ಊರಲ್ಲಿ ನಿಮ್ಮ ಮೊಲದ ಹಿಂದಿನ ಹುಲಿ ವರ್ಷದ ಗಂಡಸರು ಐದು ಜನ ಇದಾರೆ, ಹೆಂಗಸು ಒಬ್ಳೂ ಇಲ್ಲ. ಮರುವರ್ಷದ ಮೊಲಗಳು ಮೂರು, ಮೂರೂ ಹೆಂಗಸ್ರೇ. ನಾನು ಮುದುಕ ಇರ್ಬೋದು ಕಣಮ್ಮ, ಕೂಡೋದು ಕಳೆಯೋದು ಬರುತ್ತೆ."

"ಮತ್ತೆ ಗುಹೆಗೆ ಮೊಲ ಬೇಕು ಅಂದ್ರಲ್ಲ?"

"ನನ್ನ ಲೆಕ್ಕದಲ್ಲಿ ಬಂದಿದ್ದು ಹುಲಿ. ಹುಲಿ ವರ್ಷದ ಹೆಂಗಸು ಬೇಕು ಅಂತ ಕೂಗಿದ್ರೆ ಯಾರು ಬರ್ತಾರೆ? ಅದಕ್ಕೇ ಮೊಲ ಬೇಕು ಅಂದೆ. ಯಾವ ಮೊಲ ಬಂದ್ರೂ ಹುಲಿ ಆಗಿರೋ ಸಂಭವ ಇತ್ತು."

ದೀಕಿಯ ಮಂಡಿ, ಯುಡೋನ್‌ಳ ಕಂಬಳಿ ಎರಡೂ ಒಟ್ಟಿಗೇ ಕುಂಜೋಮ್‌ಳ ಕಣ್ಣ ಮುಂದೆ ಬಂದವು. "ಹಾಗಾದ್ರೆ ಅವರಿಬ್ಬರೂ ನನ್ನ ಹಾಗೇನಾ? ನಾಳೆ ಅವರನ್ನೇ ಕಳ್ಸಿ!"

"ಇರ್ಬೋದು. ಇಲ್ಲ, ನಿಜವಾದ ಮೊಲಗಳೂ ಇರ್ಬೋದು, ಅವೂ ಹೀಗೇ ಹೆದರ್ತವೆ. ಆಲಿಕಲ್ಲಿನ ಜೊತೆ ಜೂಜಾಡೋಕೆ ಇನ್ನೊಂದು ಸಲ ನನಗೆ ಧೈರ್ಯ ಇಲ್ಲ." ಲಾಮಾ ಪರದೆಯ ಮೇಲಿನ ತೆರೆದ ಬಾಯಿಯತ್ತ ಬೆರಳು ತೋರಿದರು. "ನಾನು ಕಣ್ಣಾರೆ ಕಂಡಿರೋ ಹುಲಿ ಇದೊಂದೇ. ನಾಳೆ ಅದೇ ಗುಹೆಗೆ ಮತ್ತೆ ಹೋಗು, ಈ ಸಲ ಗೋಡೆ ಫೋಟೋ ತೆಗಿ. ಆಮೇಲೆ ಪಕ್ಕದ್ದು, ಆಮೇಲೆ ಮೇಲಿನ ಸಾಲು. ಬಂಡೆ ತುಂಬ ಗುಹೆಗಳಿವೆ."

"ಹಾಗಾದ್ರೆ ಅತ್ತೆಗೆ ನಿಜ ಹೇಳ್ಬಿಡ್ಲಾ?"

"ಹೇಳು. ಆಮೇಲೆ ಹೇಸರಗತ್ತೆ ವಿಚಾರ ನೀನೇ ನೋಡ್ಕೊ."

ಕುಂಜೋಮ್ ಹೊರಗೆ ಬಂದಳು. ಅತ್ತೆ ಶಾಕ್ಯ ಮೇಡಂ ಕೈಯಿಂದ ಮೊಬೈಲ್ ಕಿತ್ತುಕೊಂಡು, ಅದೇ ಕೊನೆಯ ಫೋಟೋವನ್ನು ಬೀದಿಗೆಲ್ಲ ತೋರಿಸುತ್ತಿದ್ದಳು. "ನೋಡಿ, ನಮ್ಮ ಮೊಲ ಹೆದರ್ಕೊಂಡು ಹೇಗೆ ಕಿರುಚ್ತಿದೆ ಪಾಪ! ಅಷ್ಟು ಸಾಧು. ಸದ್ಯ, ನಮ್ಮನೇಲಿ ಹುಲಿ ಇಲ್ಲ!"

ಗುಂಪಿನ ಹಿಂದೆ ದೀಕಿ ಆ ಫೋಟೋವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದಳು. ತಲೆ ಎತ್ತಿದಾಗ ಕುಂಜೋಮ್‌ಳ ಕಣ್ಣು ಎದುರಾಯಿತು. ಆಮೇಲೆ ದೀಕಿ ಅವಸರವಾಗಿ ಕುಂಟತೊಡಗಿದಳು, ಈ ಸಲ ಎರಡೂ ಕಾಲು.

ಬಂಡೆಗೋಡೆಯ ಗುಹೆಗಳೆಲ್ಲ ಬಾಯಿ ತೆರೆದು ಕುಂಜೋಮ್‌ಳನ್ನೇ ನೋಡುತ್ತಿದ್ದವು. ಅವಳೂ ಹೇಳಿಯೇ ಬಿಡೋಣವೆಂದು ಬಾಯಿ ತೆರೆದಳು. ಬೆಳಿಗ್ಗೆ ಕುಡಿಸಿದ ಮೆಣಸಿನ ಬೆಣ್ಣೆ ಗಂಟಲಿನವರೆಗೂ ಬಂತು.

"ಚಹಾ ಕಾಯಿಸ್ಲಾ, ಅತ್ತೆ?" ಎಂದಳು.