ಇಂಗ್ಲಿಷಿನಲ್ಲಿ ಬರೆದ ಹುಳ

ನಾಲ್ಕಕ್ಷರ ಇಂಗ್ಲಿಷ್ ಕಲಿತವನಿಗೆ ಕೊಬ್ಬು ಬರುತ್ತದೆ ಎಂದು ನಮ್ಮಪ್ಪ ಹೇಳುತ್ತಿದ್ದರು. ನನಗೂ ಬಂದಿತ್ತು, ಸುಳ್ಳೇಕೆ ಹೇಳಲಿ. ಮೂರ್ನಾಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರು. ಬಿಳಿ ದೊರೆಗೆ ಚೀಟಿ ಬರೆಯುವುದು ನನ್ನ ಕಸುಬು. ಬಂಗಲೆ ಗುಡ್ಡದ ಮೇಲೆ; ಚೀಟಿ ಇಲ್ಲದೆ ಅಲ್ಲಿಗೆ ನೊಣವೂ ಹೋಗುವಂತಿರಲಿಲ್ಲ.

ನನ್ನ ಹೆಂಡತಿ ನೀಲಮ್ಮ ಕೊಡ್ಲಿಪೇಟೆ ಕಡೆಯವಳು, ಮಣ್ಣು ಮುಟ್ಟದಿದ್ದರೆ ಅನ್ನ ಸೇರದ ಹೆಂಗಸು. ನಮ್ಮ ಮನೆಯ ಅಂಗಳಕ್ಕೋ ಚಪ್ಪಡಿ ಹಾಸಿತ್ತು. ಬಿಟ್ಟಾಳೆಯೇ? ಸೀಮೆಎಣ್ಣೆ ಡಬ್ಬ, ತೂತುಬಿದ್ದ ಕೊಡ, ಬಂಗಲೆಯವರು ಬಿಸಾಕಿದ ಬಿಸ್ಕತ್ತಿನ ಡಬ್ಬ, ಎಲ್ಲಕ್ಕೂ ಮಣ್ಣು ತುಂಬಿ ಬದನೆ, ಬಸಳೆ, ಕನಕಾಂಬರ ಹಾಕಿದಳು. ನಾವು ತಿಂದದ್ದು ಅಷ್ಟಕ್ಕಷ್ಟೆ. ಬದನೆಯನ್ನು ಹುಳ ಕೊರೆಯಿತು, ಬಸಳೆಯನ್ನು ಬಸವನಹುಳ ಮೇಯಿತು, ಕನಕಾಂಬರಕ್ಕೆ ಹೇನು ಹತ್ತಿತು, ನೀರು ಹಾಕಲು ಹೋದ ನನ್ನನ್ನು ಕೆಂಪಿರುವೆ ತಿಂದಿತು. ದಿನಾ ಬೆಳಿಗ್ಗೆ ಕಾಫಿ ಲೋಟದ ಜೊತೆಗೇ ವರದಿ: "ರೀ, ಬನ್ರೀ ಇಲ್ಲಿ, ಹುಳ ನೋಡ್ರೀ!" ನಾನು ಅದನ್ನೂ ಇಂಗ್ಲಿಷಿಗೆ ತಿರುಗಿಸಿ ದೊರೆಗೆ ಬರೆಯುತ್ತಿದ್ದೆ. ಅವರಿಗೂ ಹೂಕುಂಡಗಳ ಹುಚ್ಚು. ಒಮ್ಮೆ ಹೊಗೆಸೊಪ್ಪಿನ ಕಷಾಯ ಬಂತು, ಇನ್ನೊಮ್ಮೆ ಗಂಧಕದ ಪುಡಿ. "ನಮ್ಮ ಕೂಲಿ ಲೈನಿನಲ್ಲಿ ಜ್ವರ ಬಂದ್ರೆ ಇಷ್ಟು ಬೇಗ ಮದ್ದು ಬರಲ್ಲ ರೈಟ್ರೇ," ಎಂದು ಹೊತ್ತು ತರುವ ಚಾತು ಮೇಸ್ತ್ರಿ ಗೊಣಗುತ್ತಿದ್ದ.

ಒಂದು ಬೆಳಿಗ್ಗೆ ಬಸಳೆಯ ಡಬ್ಬ ಸರಿಸಲು ಅದರ ಕೆಳಗೆ ಕೈಹಾಕಿದ ನೀಲಮ್ಮ ಕಿರುಚಲಿಲ್ಲ. "ರೀ, ಹುಳ ಮುಟ್ತು," ಎಂದು ಮೆಲ್ಲಗೆ ಹೇಳಿ ಕೂತುಬಿಟ್ಟಳು. ಕೊಳಕುಮಂಡಲ ಚರಂಡಿಗೆ ಇಳಿಯುವುದನ್ನು ನಾನೇ ಕಂಡೆ. ನಮ್ಮಲ್ಲಿ ಅದಕ್ಕೆ ಹಾವು ಎನ್ನುವುದಿಲ್ಲ, ಹುಳ ಎನ್ನುತ್ತೇವೆ. ಕಚ್ಚಿತು ಎನ್ನುವುದಿಲ್ಲ, ಮುಟ್ಟಿತು ಎನ್ನುತ್ತೇವೆ. ಹೆಸರೆತ್ತಿದರೆ ವಿಷ ಏರುತ್ತದೆಂದು ಅಜ್ಜಿ ಚಿಕ್ಕಂದಿನಲ್ಲೇ ತಲೆಗೆ ತುಂಬಿದ್ದಳು.

ಮಡಿಕೇರಿ ಆಸ್ಪತ್ರೆಗೆ ಒಯ್ಯಲು ಇದ್ದದ್ದು ದೊರೆಯ ಕಾರೊಂದೇ. ಅವಳ ತೋಳಿಗೆ ಬಟ್ಟೆ ಬಿಗಿದು, ಚೀಟಿ ಗೀಚಿ ಚಾತುವನ್ನು ಓಡಿಸಿದೆ. ಸ್ನೇಕ್ ಎಂಬ ಪದ ನನಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಬರೆಯಲು ಧೈರ್ಯ ಬರಲಿಲ್ಲ. "ನನ್ನ ಹೆಂಡತಿಗೆ ಒಂದು ವರ್ಮ್ ಟಚ್ ಮಾಡಿದೆ" ಎಂದು ಬರೆದೆ. ಕಾರು ಕಳಿಸಿ ಎನ್ನುವುದು ರೈಟರಿಗೆ ಅಧಿಕಪ್ರಸಂಗವಾದೀತೆಂದು "ಕೃಪೆಯಿಟ್ಟು ತಕ್ಕ ಸಹಾಯ" ಎಂದು ಸೇರಿಸಿದೆ. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ!

ತಕ್ಕ ಸಹಾಯ ಬಂತು. ಚಾತು ಏದುಸಿರು ಬಿಡುತ್ತ ಒಂದು ಮುಲಾಮಿನ ಡಬ್ಬಿ ಕೊಟ್ಟ. ಜೊತೆಗೆ ದೊರೆಯ ಚೀಟಿ: "ಕಂಬಳಿಹುಳ ಇರಬೇಕು. ಚೆನ್ನಾಗಿ ತಿಕ್ಕಿ. ಸಂಜೆಗೆ ತುರಿಕೆ ಹೋಗುತ್ತದೆ." ಅಷ್ಟರಲ್ಲಿ ನೀಲಮ್ಮನಿಗೆ ಎಚ್ಚರ ತಪ್ಪಿತ್ತು, ಕೈ ಮೊಣಕೈವರೆಗೆ ಬಾತಿತ್ತು. ಅವಳನ್ನು ಚಾತುವಿಗೆ ಒಪ್ಪಿಸಿ ಗುಡ್ಡ ಹತ್ತಿ ಓಡಿದೆ. ಬಂಗಲೆಯ ಮೆಟ್ಟಿಲಲ್ಲಿ ನಿಂತು "ಸ್ನೇಕ್! ಸ್ನೇಕ್!" ಎಂದು ಅರಚಿದೆ. ದೊರೆಯ ಮುಖ ಬಿಳುಚಿತು. ತಾವೇ ಕಾರು ಹೊರಡಿಸಿದರು, ಪಾಪ.

ಜೀವ ಉಳಿಯಿತು. ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದರು. "ಇನ್ನೊಂದು ಗಂಟೆ ಮೊದಲೇ ತಂದಿದ್ರೆ ಕೈ ಉಳೀತಿತ್ತಲ್ರೀ," ಎಂದರು ಡಾಕ್ಟರು. ಆ ಗಂಟೆ ಎಲ್ಲಿ ಹೋಯಿತೆಂದು ನಾನು ಅವರಿಗೂ ಹೇಳಲಿಲ್ಲ, ನೀಲಮ್ಮನಿಗೂ ಹೇಳಲಿಲ್ಲ. ಕಾರು ಕೆಟ್ಟಿತ್ತು ಎಂದೆ.

ಎಡಗೈಯಲ್ಲಿ ಅನ್ನ ಮುಟ್ಟಲು ಅವಳು ಒಪ್ಪುವುದಿಲ್ಲ. ಎರಡು ಹೊತ್ತೂ ನಾನೇ ಕಲಸಿ ಉಣ್ಣಿಸುತ್ತೇನೆ. ಅದನ್ನು ನೋಡಲೆಂದೇ ನೆರೆಯ ಹೆಂಗಸರು ಬರುತ್ತಾರೆ. "ಗಂಡ ಅಂದ್ರೆ ರೈಟ್ರಪ್ಪಾ! ಯಾವ ಜನ್ಮದ ಪುಣ್ಯವೋ ನಿಂದು," ಎನ್ನುತ್ತಾರೆ. ನೀಲಮ್ಮನ ಕಣ್ಣಲ್ಲಿ ನೀರು. "ಅವತ್ತು ಇವ್ರು ಇಲ್ದಿದ್ರೆ ನಾನು ಎಲ್ಲಿ ಉಳೀತಿದ್ದೆ ಅಕ್ಕಾ," ಎಂದು ಶುರುಮಾಡುತ್ತಾಳೆ. ನಾನು ತುತ್ತನ್ನು ಇನ್ನಷ್ಟು ದೊಡ್ಡದಾಗಿ ಕಟ್ಟಿ ಅವಳ ಬಾಯಿಗಿಡುತ್ತೇನೆ. ಅಗಿದು ನುಂಗುವಷ್ಟು ಹೊತ್ತಾದರೂ ಅವಳು ನನ್ನನ್ನು ಹೊಗಳುವಂತಿಲ್ಲ.