ಒಂದೇ ಅಚ್ಚಿನ ಎರಡು ಬಿಲ್ಲೆ

ಎಲ್ಲಕ್ಕೂ ಕಾರಣ ಒಂದು ಸೀನು.

ವಸ್ತುಸಂಗ್ರಹಾಲಯದ ಮೇಲಂತಸ್ತಿನ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ನಿಂತಿದ್ದ ಚೀಟಿ ಮೇಷ್ಟ್ರ ಎಡಗೈಯಲ್ಲಿ ಒಂದು ಕಂಚಿನ ನಾಣ್ಯವಿತ್ತು, ಬಲಗೈಯಲ್ಲಿ ಇನ್ನೊಂದು. ಎಡಗೈಯದು ಸ್ವಂತದ್ದು, ಬಲಗೈಯದು ಸಂಗ್ರಹಾಲಯದ್ದು. ಸೀನು ಮುಗಿದು ಕಣ್ಣು ಬಿಟ್ಟಾಗ ಎರಡೂ ಕೈ ಖಾಲಿ.

ಹತ್ತೊಂಬತ್ತು ವರ್ಷದಿಂದ ಗಾಜಿನ ಪೆಟ್ಟಿಗೆಗಳಿಗೆ ಚೀಟಿ ಬರೆಯುತ್ತ ಬಂದದ್ದರಿಂದ ಅವರಿಗೆ ಆ ಹೆಸರು. ನಾಣ್ಯಗಳು ನಬಾತಿಯರವು. ಎರಡು ಸಾವಿರ ವರ್ಷದ ಹಿಂದೆ ಮರಳುಗಾಡಿನಲ್ಲಿ ಒಂಟೆಗಳ ಮೇಲೆ ಸುಗಂಧದ ಅಂಟು ಸಾಗಿಸುತ್ತಿದ್ದ ಜನ ಅಚ್ಚು ಹಾಕಿದ, ಹೆಬ್ಬೆರಳ ಉಗುರಿನಷ್ಟಗಲದ ಬಿಲ್ಲೆಗಳು. ಒಂದು ಮುಖದಲ್ಲಿ ರಾಜ ಅರೇತಸ್, ಅವನ ಹಿಂದಿನಿಂದ ಇಣುಕುವ ರಾಣಿ ಶಕೀಲತ್. ಇನ್ನೊಂದು ಮುಖದಲ್ಲಿ ಕತ್ತರಿಯಂತೆ ಹೆಣೆದ ಎರಡು ಕೊಂಬು, ನಡುವೆ ಇಬ್ಬರ ಹೆಸರು.

ಸ್ವಂತದ ನಾಣ್ಯ ಮೇಷ್ಟ್ರಿಗೆ ಸಿಕ್ಕಿದ್ದು ಹದಿನಾರು ವರ್ಷದ ಹಿಂದೆ, ಗಡಿಯಾರ ರಿಪೇರಿಯವನ ತಿರುಪಿನ ಡಬ್ಬಿಯಲ್ಲಿ. ಬದಲಿಗೆ ಮದುವೆಯಲ್ಲಿ ಬಂದ ಕೈಗಡಿಯಾರ ಬಿಚ್ಚಿಕೊಟ್ಟಿದ್ದರು. ಹೆಂಡತಿಯ ಮಟ್ಟಿಗೆ ಆ ಗಡಿಯಾರ ಇಂದಿಗೂ ರಿಪೇರಿಯಲ್ಲಿದೆ.

ಸಂಗ್ರಹಾಲಯದ ನೌಕರರು ಅಲ್ಲಿರುವಂಥ ವಸ್ತುವನ್ನು ಸ್ವಂತಕ್ಕೆ ಇಟ್ಟುಕೊಳ್ಳುವಂತಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಹಾಗಾಗಿ ಎರಡೂ ಒಂದೇ ಅಚ್ಚಿನವೇ ಎಂದು ಪಕ್ಕಪಕ್ಕ ಹಿಡಿದು ನೋಡಲು ಹದಿನಾರು ವರ್ಷ ಧೈರ್ಯ ಸಾಲಿರಲಿಲ್ಲ. ಇವತ್ತು ಪೆಟ್ಟಿಗೆ ಪರಿಶೀಲನೆಯ ದಿನ. ಬೀಗ ತೆರೆದಿತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ. ನೋಡಿದರು. ಒಂದೇ ಅಚ್ಚು. ಸವೆತವೂ ಒಂದೇ, ರಾಜನ ಮೂಗಿನ ಮೇಲಿನ ಗೀರೂ ಒಂದೇ. ಆ ಸಂತೋಷಕ್ಕೆ ಉಸಿರು ಜೋರಾಗಿ ಎಳೆದುಕೊಂಡದ್ದೇ ತಪ್ಪಾಯಿತು, ಮೂಗಿಗೆ ಧೂಳು ಹೋಯಿತು.

ಮೇಷ್ಟ್ರು ಕಪಾಟಿನ ಕೆಳಗೆ ಹೊಟ್ಟೆಯ ಮೇಲೆ ತೆವಳಿದರು.

“ಈಜು ಕಲೀತಿದೀರಾ ಮೇಷ್ಟ್ರೇ?” ಬಾಗಿಲಲ್ಲಿ ಗುಡಿಸುವ ಅಕ್ಕ.

“ಪೆನ್ನಿನ ಮುಚ್ಚಳ ಬಿತ್ತು ಅಕ್ಕಾ. ನಾನೇ ತಗೋತೀನಿ, ನೀವು ಹೋಗಿ.”

ಹೋಗಿ ಅಂದರೆ ಹೋಗುವ ಜೀವವಲ್ಲ ಅದು. ಪೊರಕೆ ಹಾಕಿ ಒಂದೇ ಸಲ ಎಳೆದರು. ಧೂಳಿನ ಉಂಡೆಯ ಜೊತೆ ಎರಡೂ ನಾಣ್ಯ ಹೊರಬಂದವು.

“ಮುಚ್ಚಳ ಅಲ್ಲ, ಯಾರದೋ ಕೋಟಿನ ಗುಂಡಿ. ಥೂ, ಎಷ್ಟು ಕೊಳೆ,” ಎಂದವರೇ, ಮೇಷ್ಟ್ರು ಮೊಣಕಾಲೂರಿ ಏಳುವಷ್ಟರಲ್ಲಿ ಎರಡನ್ನೂ ಸೋಪಿನ ಬಕೆಟ್ಟಿಗೆ ಅದ್ದಿ ಗಸಗಸ ಉಜ್ಜಿಯೇಬಿಟ್ಟರು.

ಮೇಷ್ಟ್ರಿಗಿದ್ದ ಗುರುತು ಹೊಳಪೊಂದೇ. ಹದಿನಾರು ವರ್ಷ ಸವರಿ ಸವರಿ ಅವರ ರಾಜನ ಕೆನ್ನೆ ಮಿನುಗುತ್ತಿತ್ತು. ಸಂಗ್ರಹಾಲಯದ ರಾಜ ಮಂಕಾಗಿದ್ದ. ಈಗ ಇಬ್ಬರೂ ಮದುಮಗನ ಹಾಗೆ ಹೊಳೆಯುತ್ತಿದ್ದರು. ಮೇಷ್ಟ್ರು ಎರಡನ್ನೂ ಅಕ್ಕನ ಕೈಯಿಂದ ಕಿತ್ತುಕೊಂಡರು.

“ಉಪಕಾರ ಮಾಡಿದ್ರೆ ಒಂದು ಒಳ್ಳೆ ಮಾತೂ ಇಲ್ಲ,” ಎಂದು ಅಕ್ಕ ಬಕೆಟ್ ಎತ್ತಿಕೊಂಡು ಹೋದರು.

ಕಣ್ಣು ಕಟ್ಟಿ ಕೊಟ್ಟರೂ ತಮ್ಮದನ್ನು ಗುರುತಿಸಬಲ್ಲೆ ಎಂದು ಮೇಷ್ಟ್ರಿಗೆ ಒಳಗೊಳಗೇ ಹೆಮ್ಮೆಯಿತ್ತು. ಕಣ್ಣು ಮುಚ್ಚಿ ಸವರಿದರು. ಎರಡೂ ನಿನ್ನದೇ ಎಂದಿತು ಬೆರಳು. ಮೂಸಿದರು. ಎರಡರಲ್ಲೂ ಸೋಪು. ಅವಳಿ ಮಕ್ಕಳಿಗೆ ಎಣ್ಣೆನೀರು ಹಾಕಿ, ಯಾರು ಯಾರೆಂದು ತಿಳಿಯದೆ ನಿಂತ ಹೆತ್ತವ್ವನ ಪಾಡಾಯಿತು. ಯಾವುದೋ ಒಂದನ್ನು ಪೆಟ್ಟಿಗೆಗೆ ಹಾಕಿ ಇನ್ನೊಂದನ್ನು ಜೇಬಿಗಿಳಿಸಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಜೇಬಿಗಿಳಿದದ್ದು ಸಂಗ್ರಹಾಲಯದ್ದಾಗಿದ್ದರೆ ತಾವು ಕಳ್ಳ. ಆ ಸಂಶಯವನ್ನು ಮನೆಗೆ ಒಯ್ದು ದಿನಾ ಒಬ್ಬರೇ ನೋಡುತ್ತ ಕೂರಬೇಕು.

“ಇದೇನು ಸಾರ್, ಎರಡಾ?” ಕಾವಲಿನ ಬಾಗಿಲಣ್ಣ ಹೆಗಲ ಮೇಲಿಂದ ಇಣುಕಿದ. “ಚೀಟೀಲಿ ‘ನಾಣ್ಯ ಒಂದು’ ಅಂತ ನೀವೇ ಬರ್ದಿದೀರಿ.”

“ಒಂದು ನಕಲು ಕಣಪ್ಪ. ಪ್ಲಾಸ್ಟರಿನದು. ಸ್ಕೂಲ್ ಮಕ್ಕಳಿಗೆ ತೋರ್ಸೋಕೆ.”

ಬಾಗಿಲಣ್ಣ ಒಂದನ್ನು ಮೇಜಿನ ಮೇಲೆ ಬಿಟ್ಟ. ಟಣ್. ಇನ್ನೊಂದನ್ನು ಬಿಟ್ಟ. ಟಣ್.

“ಪ್ಲಾಸ್ಟರು ಬಾಳ ಗಟ್ಟಿ ಇದೆ ಸಾರ್. ಯಾವ್ದು ಅಸಲು ಅಂತ ನಿಮ್ಗೇ ಗೊತ್ತಾಗ್ತಿಲ್ವಾ? ಮೇಡಂ ಕಪಾಟಲ್ಲಿ ಹಳೇ ದಾಖಲೆ ಪುಸ್ತಕ ಇದೆ, ಪ್ರತಿಯೊಂದ್ರ ತೂಕ ಬರ್ದಿರ್ತಾರಂತೆ. ತರ್ತೀನಿ ಇರಿ.”

ಬೇಡ ಎನ್ನಲು ಬಾಯಿ ತೆರೆದ ಮೇಷ್ಟ್ರು ಹಾಗೇ ಮುಚ್ಚಿದರು. ತೂಕ! ಆ ಪುಸ್ತಕ ಒಮ್ಮೆಯೂ ಅವರ ಕೈಗೆ ಬಂದಿರಲಿಲ್ಲ. ತಮ್ಮ ನಾಣ್ಯವನ್ನು ಕೂಡ ಒಮ್ಮೆ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ದರು ಅಷ್ಟೆ. ನಾಲ್ಕು ಗ್ರಾಂ ಅಂದಿತ್ತು, ಚೂರುಪಾರು ಹೇಳಿರಲಿಲ್ಲ. ಈಗ ತಿಳಿಯುತ್ತದೆ.

ಪುಸ್ತಕ ಬಂತು. ಪುಸ್ತಕದ ಹಿಂದೆ ಸೂಕ್ಷ್ಮ ತಕ್ಕಡಿ ಹಿಡಿದು ಸಂಗ್ರಹಾಲಯದ ಮುಖ್ಯಸ್ಥೆ ಮೇಡಂ ಬಂದರು.

“ನಕಲು ಅಸಲು ಕಲಸಿಹೋಯ್ತಂತೆ. ಇಡಿ.”

ಮೊದಲನೆಯದು ನಾಲ್ಕು ಪಾಯಿಂಟ್ ಒಂದು ಎರಡು. ಪುಸ್ತಕದಲ್ಲೂ ಅಷ್ಟೇ.

“ಇದು ನಮ್ಮದು,” ಎಂದರು ಮೇಡಂ.

ಮೇಷ್ಟ್ರ ಎದೆಯಿಂದ ಕಪಾಟು ಇಳಿದಂತಾಯಿತು. ತಮ್ಮದನ್ನು ಎತ್ತಿ ಜೇಬಿನತ್ತ ಕೈ ಒಯ್ದರು. “ಹಾಗಾದ್ರೆ ಈ ನಕಲು ನಾನು...”

“ಅದನ್ನೂ ಇಡಿ. ಪ್ಲಾಸ್ಟರು ಎಷ್ಟು ತೂಗುತ್ತೆ ನೋಡೋಣ.”

ಮೂರು ಪಾಯಿಂಟ್ ಒಂಬತ್ತು ಆರು. ಮೇಡಂ ಬೆರಳು ಪುಸ್ತಕದಲ್ಲಿ ಒಂದು ಸಾಲು ಕೆಳಗಿಳಿದು ನಿಂತಿತು.

“ಓದಿ.”

ಮೇಷ್ಟ್ರು ಓದಿದರು. “ಮೇಲಿನದರ ಜೋಡಿ. ಅದೇ ಅಚ್ಚು, ಅದೇ ಸವೆತ, ಮೂಗಿನ ಮೇಲೆ ಅದೇ ಗೀರು. ತೂಕ ಮೂರು ಪಾಯಿಂಟ್ ಒಂಬತ್ತು ಆರು.” ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ಇಪ್ಪತ್ತೆರಡು ವರ್ಷ ಹಿಂದಿನ ತಾರೀಖಿನೊಂದಿಗೆ, ಒಂದೇ ಪದ. ಬಾಗಿಲಣ್ಣನೇ ಓದಿದ: “ಕಳುವಾಗಿದೆ.”

ಗಡಿಯಾರ ರಿಪೇರಿಯವನು ಸತ್ತು ಹತ್ತು ವರ್ಷವಾಗಿತ್ತು. ನಿಜ ಹೇಳಿದರೆ ನಂಬುವವರು ಯಾರು?

“ಎಲ್ಲಿತ್ತು ಇದು?” ಮೇಡಂ ಕೇಳಿದರು.

“ಪೆಟ್ಟಿಗೆಯ ಮಖಮಲ್ಲಿನ ಅಡೀಲಿ ಮೇಡಂ,” ಎಂದರು ಮೇಷ್ಟ್ರು. ಹದಿನಾರು ವರ್ಷದ ಆಸ್ತಿ ಆ ಒಂದು ಮಾತಿನಲ್ಲಿ ಕೈಬಿಟ್ಟಿತು. “ಇವತ್ತೇ ಕಂಡಿದ್ದು. ಖಚಿತ ಆಗೋವರೆಗೆ ಇರ್ಲಿ ಅಂತ ನಕಲು ಅಂದೆ.”

ಬಾಗಿಲಣ್ಣ ಚಪ್ಪಾಳೆ ಹೊಡೆದ. ಮೇಡಂ ಹೊಡೆಯಲಿಲ್ಲ. ಪೆಟ್ಟಿಗೆಯ ಮುಚ್ಚಳ ಎತ್ತಿ ಒಳಗೆ ಅಂಟಿಸಿದ್ದ ಹಾಳೆ ನೋಡಿದರು.

“‘ಮಖಮಲ್ಲು ಎತ್ತಿ ಪರಿಶೀಲಿಸಿದ್ದೇನೆ.’ ಈ ರುಜು ನಿಮ್ದೇ ಅಲ್ವಾ? ವರ್ಷಕ್ಕೆರಡರಂತೆ ಮೂವತ್ತೆಂಟು ಇವೆ.”

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

“ನಾಳೆ ಬೆಳಿಗ್ಗೆ ಲಿಖಿತ ವಿವರಣೆ ನನ್ನ ಮೇಜಿನ ಮೇಲಿರ್ಬೇಕು. ಈಗ ಹೊಸ ಚೀಟಿ ಬರೀರಿ, ‘ನಾಣ್ಯ ಎರಡು’ ಅಂತ.” ಬಾಗಿಲವರೆಗೆ ಹೋದ ಮೇಡಂ ತಿರುಗಿದರು. “ಕಳೆದದ್ದು ಸಿಕ್ಕಿದಾಗ ಹುಡುಕಿಕೊಟ್ಟವರ ಹೆಸರು ಚೀಟೀಲಿ ಹಾಕೋದು ರೂಢಿ. ಆದ್ರೆ ಮೂವತ್ತೆಂಟು ಸಲ ನೋಡಿಯೂ ಕಾಣದವರ ಹೆಸರು ಹಾಕಿದ್ರೆ ಜನ ನಗ್ತಾರೆ. ಗುಡಿಸುವ ಅಕ್ಕ ನಾನು ಬರುವಾಗ ಮೆಟ್ಟಿಲಲ್ಲಿ ಹೇಳಿದ್ರು, ಧೂಳಿಂದ ಈಚೆ ತೆಗೆದು ತೊಳೆದಿದ್ದು ಅವರಂತೆ. ಅವರ ಹೆಸರು ಬರೀರಿ.”

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು.